ದಶಕಗಳ ಕಾಲ ಮಾಗಿದ ಆಸ್ಟ್ರೇಲಿಯನ್ ಫೋರ್ಟಿಫೈಡ್ ಕೆಂಪು ವೈನ್: ತೆರೆದು ಸವಿಯುವ ಸಮಗ್ರ ಮಾರ್ಗದರ್ಶಿ

ಹಳೆಯ ಆಸ್ಟ್ರೇಲಿಯನ್ ಫೋರ್ಟಿಫೈಡ್ ವೈನಿನ, ಅಂದರೆ ಸ್ಪಿರಿಟ್ ಸೇರಿಸಿ ಬಲಪಡಿಸಿದ ವೈನಿನ, ಬಾಟಲಿ ಕೈಗೆ ಸಿಕ್ಕಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಇದು ಮಾಗಿದ್ದು ಎಲ್ಲಿ? ಬಾಟಲಿಯಲ್ಲೋ, ಪೀಪಾಯಿಯಲ್ಲೋ? ಎಷ್ಟು ದಿನ ನಿಲ್ಲಿಸಿಡಬೇಕು, ಗಸಿ ಬೇರೆ ಮಾಡಬೇಕೋ ಬೇಡವೋ, ಎಷ್ಟು ತಂಪಾಗಿರಬೇಕು, ತೆರೆದ ಮೇಲೆ ಎಷ್ಟು ದಿನ ಚೆನ್ನಾಗಿರುತ್ತದೆ, ಎಲ್ಲವೂ ಈ ಉತ್ತರದ ಮೇಲೆ ನಿಂತಿದೆ. ಇದು ಗೊತ್ತಿಲ್ಲದೆ ಮೂವತ್ತು ನಲವತ್ತು ವರ್ಷ ಕಾದ ವೈನನ್ನು ಸುಮ್ನೆ ತೆರೆದು ಗ್ಲಾಸಿಗೆ ಸುರಿದರೆ, ಕೆಸರಿನಂಥ ಒಗರು ದ್ರವ ಬಾಯಿಗೆ ಬರುತ್ತದೆ. ತಪ್ಪು ವೈನಿನ ಮೇಲೆ ಬೀಳುತ್ತದೆ. ಅದು ಅನ್ಯಾಯ.

ಪೋರ್ಚುಗಲ್‌ನಲ್ಲಿ ಇಂಥ ವೈನಿಗೆ ಪೋರ್ಟ್ ಎಂದು ಹೆಸರು. ಕರ್ನಾಟಕದಲ್ಲಿ ಪೋರ್ಟ್ ಅಂದರೆ ಬಹಳ ಜನರಿಗೆ ನೆನಪಾಗುವುದು ಕಡಿಮೆ ಬೆಲೆಗೆ ಸಿಗುವ ಸಿಹಿ ಕೆಂಪು ವೈನ್. ಅದು ಮಾಗಿಸಲು ಮಾಡಿದ್ದಲ್ಲ. ಆ ರುಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದರ ಹತ್ತಿರ ಬರಬೇಡಿ. ಮೆಲ್ಬರ್ನ್, ಅಡಿಲೇಡ್ ಕಡೆ ಇರುವ ಕನ್ನಡಿಗರಿಗೆ ಈ ವೈನ್ ಹುಟ್ಟುವ ಊರುಗಳು ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಊರಿಗೆ ಬರುವಾಗ ಒಂದು ಬಾಟಲಿ ತಂದುಕೊಡುವವರೂ ಇದ್ದಾರೆ. ಹಾಗೆ ಬಂದ ಬಾಟಲಿಯನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಇದು ಏನು?

ದ್ರಾಕ್ಷಿರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತಾ ಹೋಗುತ್ತದೆ. ಸಾಕಷ್ಟು ಸಕ್ಕರೆ ಇನ್ನೂ ಉಳಿದಿರುವಾಗಲೇ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ. ಸಿಹಿ ಉಳಿಯುತ್ತದೆ. ಆಲ್ಕೋಹಾಲ್ ಶೇ. 18ರಿಂದ 20ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸಾಮಾನ್ಯ ಕೆಂಪು ವೈನಿನಲ್ಲಿ ಇದು ಶೇ. 13–15 ಇರುತ್ತದೆ. ಈ ಆಲ್ಕೋಹಾಲ್, ಸಕ್ಕರೆ, ಸಿಪ್ಪೆಯಿಂದ ಬಂದ ಒಗರು ಮೂರೂ ಸೇರಿ ವೈನನ್ನು ದಶಕಗಳ ಕಾಲ ಕಾಯುತ್ತವೆ.

20ನೇ ಶತಮಾನದ ಮೊದಲ ಅರ್ಧದಲ್ಲಿ ಆಸ್ಟ್ರೇಲಿಯಾದಲ್ಲಿ ಮಾಡುತ್ತಿದ್ದ ವೈನಿನಲ್ಲಿ ಹೆಚ್ಚಿನದು ಫೋರ್ಟಿಫೈಡ್ ವೈನೇ. 1960ರ ದಶಕದ ನಂತರ ಊಟದ ಜೊತೆ ಕುಡಿಯುವ ಟೇಬಲ್ ವೈನ್ ಮುಂದೆ ಬಂತು, ಫೋರ್ಟಿಫೈಡ್ ಹಿಂದೆ ಸರಿಯಿತು. ಜನ ಮರೆತರೂ ನೆಲಮಾಳಿಗೆಗಳಲ್ಲಿ ಹಳೆಯ ದಾಸ್ತಾನು ಉಳಿಯಿತು. ಇವತ್ತಿಗೂ ಹರಾಜುಗಳಲ್ಲಿ ಅದೇ ವಯಸ್ಸಿನ ಪೋರ್ಚುಗಲ್ ಬಾಟಲಿಗಳಿಗೆ ಹೋಲಿಸಿದರೆ ಇವು ಬಹಳ ಕಡಿಮೆ ಬೆಲೆಗೆ ಹೋಗುತ್ತವೆ. ಅಷ್ಟು ಕಡಿಮೆ ಬೆಲೆ ಇವುಗಳ ಯೋಗ್ಯತೆಗೆ ತಕ್ಕದ್ದಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾಟಲಿಯಲ್ಲಿ ಮಾಗುವ ಬಗೆಗೆ ವಿಂಟೇಜ್ ಎನ್ನುತ್ತಾರೆ. ಒಂದೇ ವರ್ಷದ ದ್ರಾಕ್ಷಿ, ಹೆಚ್ಚಾಗಿ ಶಿರಾಜ್. ಪೀಪಾಯಿಯಲ್ಲಿ ಸ್ವಲ್ಪ ಕಾಲ ಮಾತ್ರ ಇಟ್ಟು, ಕಪ್ಪಗೆ ಗಟ್ಟಿಯಾಗಿರುವಾಗಲೇ ಬಾಟಲಿಗೆ ತುಂಬುತ್ತಾರೆ. ಆಮೇಲಿನ ಮಾಗುವಿಕೆ ಪೂರ್ತಿ ಗಾಜಿನೊಳಗೆ, ಹೆಚ್ಚುಕಮ್ಮಿ ಗಾಳಿಯೇ ಇಲ್ಲದೆ. ದಕ್ಷಿಣ ಆಸ್ಟ್ರೇಲಿಯಾದ ಮೆಕ್‌ಲಾರೆನ್ ವೇಲ್ ಶಿರಾಜ್‌ನಿಂದ ಹಾರ್ಡೀಸ್, ಶಾಟೋ ರೆನೆಲ್ಲಾ ಮಾಡಿದ ವಿಂಟೇಜ್‌ಗಳಿಗೆ ದೊಡ್ಡ ಹೆಸರಿದೆ. ವಿಕ್ಟೋರಿಯಾದ ರದರ್‌ಗ್ಲೆನ್‌ನಲ್ಲಿ ಸ್ಟಾಂಟನ್ ಅಂಡ್ ಕಿಲೀನ್‌ನವರು ಶಿರಾಜ್ ಜೊತೆ ಡ್ಯೂರಿಫ್ ತಳಿಯನ್ನೂ, ಟೂರಿಗಾ ನಸಿಯೊನಾಲ್‌ನಂಥ ಪೋರ್ಚುಗೀಸ್ ತಳಿಗಳನ್ನೂ ಬಳಸುತ್ತಾರೆ.

ಪೀಪಾಯಿಯಲ್ಲಿ ಮಾಗುವುದು ಟಾನಿ. ಹತ್ತು, ಇಪ್ಪತ್ತು, ಕೆಲವೊಮ್ಮೆ ನೂರು ವರ್ಷ ಮರದೊಳಗೆ. ಮರದ ಮೂಲಕ ಗಾಳಿ ಆಡುತ್ತದೆ, ನೀರು ಆರುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ, ಕೆಂಪು ಹೋಗಿ ಕಂದು ಬರುತ್ತದೆ. ಪೆನ್‌ಫೋಲ್ಡ್ಸ್ ಗ್ರ್ಯಾಂಡ್‌ಫಾದರ್ ಈ ಜಾತಿಯದು. ಬರೋಸಾ ಕಣಿವೆಯ ಸೆಪೆಲ್ಟ್ಸ್‌ಫೀಲ್ಡ್‌ನ ಪ್ಯಾರಾ ಟಾನಿಯೂ ಹೌದು. 1878ರಲ್ಲಿ ಬೆನೋ ಸೆಪೆಲ್ಟ್ ಅಲ್ಲಿ ಒಂದು ದೊಡ್ಡ ಪೀಪಾಯಿ ವೈನ್ ತೆಗೆದಿಟ್ಟು, ಇದನ್ನು ನೂರು ವರ್ಷ ಮುಟ್ಟಬಾರದು ಅಂದರು. ಆಮೇಲೆ ಪ್ರತಿ ವರ್ಷವೂ ಒಂದೊಂದು ಪೀಪಾಯಿ ಸೇರುತ್ತಾ ಬಂತು. ಹಾಗಾಗಿ ಈಗ ಪ್ರತಿ ವರ್ಷ ನೂರು ತುಂಬಿದ ಒಂದು ವೈನ್ ಹೊರಬರುತ್ತದೆ.

ಈ ಮಾರ್ಗದರ್ಶಿ ಮುಖ್ಯವಾಗಿ ವಿಂಟೇಜ್ ಬಗ್ಗೆ. ಕಷ್ಟ ಇರುವುದು ಅದರಲ್ಲೇ. ಟಾನಿಗೆ ಎಲ್ಲಿ ಬೇರೆ ಥರ ಮಾಡಬೇಕೋ ಅಲ್ಲಲ್ಲೇ ಹೇಳುತ್ತೇನೆ.

ಹಂತ 1: ಲೇಬಲ್ ಮತ್ತು ಬಾಟಲಿಯನ್ನು ಓದಿ

ಹಳೆಯ ಲೇಬಲ್‌ನಲ್ಲಿ "ವಿಂಟೇಜ್ ಪೋರ್ಟ್" ಎಂದೇ ಇರುತ್ತದೆ. ಗಾಬರಿ ಬೇಡ, ಅದು ನಕಲಿಯಲ್ಲ. ಆಸ್ಟ್ರೇಲಿಯಾ ಮತ್ತು ಯುರೋಪಿಯನ್ ಒಕ್ಕೂಟದ ನಡುವಿನ ವೈನ್ ಒಪ್ಪಂದ 2010ರಲ್ಲಿ ಜಾರಿಗೆ ಬಂದ ಮೇಲೆ ಪೋರ್ಟ್ ಎಂಬ ಹೆಸರನ್ನು ಪೋರ್ಚುಗಲ್‌ಗೆ ಬಿಟ್ಟುಕೊಟ್ಟರು. ಈಗಿನವುಗಳ ಮೇಲೆ ವಿಂಟೇಜ್ ಫೋರ್ಟಿಫೈಡ್, ವಿಂಟೇಜ್ ಅಥವಾ ಟಾನಿ ಎಂದಿರುತ್ತದೆ. ಅಳತೆ ಪಿಂಟ್, ಔನ್ಸ್ ಲೆಕ್ಕದಲ್ಲಿದ್ದರೆ ಬಾಟಲಿ 1970ರ ದಶಕದ್ದು ಅಥವಾ ಅದಕ್ಕೂ ಹಿಂದಿನದು.

ವರ್ಷ ನಮೂದಾಗಿದೆ ಅಂದ ಮಾತ್ರಕ್ಕೆ ಬಾಟಲಿಯಲ್ಲೇ ಮಾಗಿದೆ ಎಂದು ತೀರ್ಮಾನಿಸಬೇಡಿ. ಪ್ಯಾರಾ ಟಾನಿಯಂಥವುಗಳ ಮೇಲೂ ವರ್ಷ ಇರುತ್ತದೆ. ಟಾನಿ ಎಂಬ ಪದ ಇದೆಯಾ ನೋಡಿ. ಇನ್ನೂ ಅನುಮಾನ ಇದ್ದರೆ ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನ ಓರೆ ಮಾಡಿ. ಗಾಜಿನ ಒಳಮೈಗೆ ಕಪ್ಪು ಪದರ ಹತ್ತಿದ್ದರೆ ಅದು ವಿಂಟೇಜ್.

ವೈನಿನ ಮಟ್ಟವನ್ನೂ ನೋಡಿ. ಕುತ್ತಿಗೆಯೊಳಗೆ ಇದ್ದರೆ ಒಳ್ಳೆಯದು. ನಲವತ್ತು ವರ್ಷದ್ದು ಹೆಗಲಿನ ಮೇಲ್ಭಾಗಕ್ಕೆ ಇಳಿದಿದ್ದರೂ ಆಸೆ ಬಿಡಬೇಕಿಲ್ಲ, ಫೋರ್ಟಿಫೈಡ್ ವೈನ್ ಇಷ್ಟನ್ನು ತಡೆದುಕೊಳ್ಳುತ್ತದೆ. ಹೆಗಲಿನ ಅರ್ಧಕ್ಕಿಂತ ಕೆಳಗಿದ್ದು, ಕಾರ್ಕ್ ಸುತ್ತ ಅಂಟು ಜಿನುಗಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಹಂತ 2: ನಿಲ್ಲಿಸಿ, ಕಾಯಿರಿ

ವಿಂಟೇಜ್ ಬಾಟಲಿಯನ್ನು ವರ್ಷಗಟ್ಟಲೆ ಮಲಗಿಸಿಟ್ಟಿರುತ್ತಾರೆ. ಕಾರ್ಕ್ ಒಣಗಬಾರದು ಅಂತ. ಅಷ್ಟೂ ವರ್ಷ ಬಣ್ಣದ ಕಣಗಳೂ ಒಗರಿನ ಕಣಗಳೂ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಬಾಟಲಿಯ ಒಂದು ಮಗ್ಗುಲಿಗೆ ಇಳಿದಿರುತ್ತವೆ. ವೈನ್ ಮೆದುವಾಗುವುದೂ ಬಣ್ಣ ತಿಳಿಯಾಗುವುದೂ ಇದರಿಂದಲೇ. ಅಂದರೆ ಆ ಗಸಿ ಕೊಳೆಯಲ್ಲ. ಆದರೆ ಅದು ಗ್ಲಾಸಿಗೆ ಬರಬಾರದು.

ತೆರೆಯುವ ಮೊದಲು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ಕಡಿಮೆ ಅಂದರೂ ಎರಡು ಮೂರು ದಿನ. ಒಂದು ವಾರ ಸಿಕ್ಕರೆ ಇನ್ನೂ ಒಳ್ಳೆಯದು. ತಂಪಾದ, ಕತ್ತಲೆಯ ಜಾಗ ಇರಲಿ, ಯಾರೂ ಅಲುಗಾಡಿಸಬಾರದು. ಆಸ್ಟ್ರೇಲಿಯಾದಿಂದ ವಿಮಾನದಲ್ಲಿ ಬಂದ ಬಾಟಲಿಯಾದರೆ ಆ ಗಸಿಯೆಲ್ಲ ಕಲಕಿ ಹೋಗಿರುತ್ತದೆ. ಅದನ್ನು ಬಂದ ವಾರವೇ ತೆರೆಯಬೇಡಿ, ಕೆಲವು ವಾರ ವಿಶ್ರಾಂತಿ ಕೊಡಿ. ಅಂದಹಾಗೆ, ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ ತಲೆಗೆ 2 ಲೀಟರ್. ಅಲ್ಲಿಗೆ 750 ಮಿಲಿಯ ಎರಡು ಬಾಟಲಿ.

ಟಾನಿಗೆ ಈ ಯಾವ ತಾಪತ್ರಯವೂ ಇಲ್ಲ. ಅದರ ಗಸಿ ಪೀಪಾಯಿಯಲ್ಲೇ ಉಳಿದಿರುತ್ತದೆ. ತಂದ ದಿನವೇ ತೆರೆಯಬಹುದು.

ಹಂತ 3: ಕಾರ್ಕ್ ತೆಗೆಯುವುದು

ಇಡೀ ಕೆಲಸದಲ್ಲಿ ಕೈ ನಡುಗುವ ಭಾಗ ಇದೇ. ಮೂವತ್ತು ವರ್ಷ ದಾಟಿದ ಕಾರ್ಕ್ ಮೇಲೆ ಗಟ್ಟಿ, ಕೆಳಗೆ ನೆಂದ ರೊಟ್ಟಿ. ಮಾಮೂಲಿ ತಿರುಪಿನ ಕಾರ್ಕ್‌ಸ್ಕ್ರೂ ಹಾಕಿ ಜಗ್ಗಿದರೆ ಅರ್ಧಕ್ಕೆ ತುಂಡಾಗುತ್ತದೆ.

ಮೇಲಿನ ಹೊದಿಕೆಯನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. 1990ರ ದಶಕಕ್ಕೆ ಮುಂಚಿನ ಬಾಟಲಿಗಳ ಹೊದಿಕೆಯಲ್ಲಿ ಸೀಸ ಇರಬಹುದು. ಆದ್ದರಿಂದ ಬಾಟಲಿಯ ಬಾಯಿಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಕಾರ್ಕ್ ಮೇಲೆ ಕಪ್ಪು ಬೂಷ್ಟು ಕಂಡರೆ ಅದನ್ನೂ ಒರೆಸಿದರಾಯಿತು, ವೈನಿಗೆ ಏನೂ ಆಗಿರುವುದಿಲ್ಲ.

ಹಳೆಯ ಕಾರ್ಕ್‌ಗೆ ಸರಿಯಾದ ಸಾಧನ ಎರಡು ತೆಳು ಅಲಗಿನದು. ಇದರಲ್ಲಿ ತಿರುಪು ಇರುವುದಿಲ್ಲ. ಉದ್ದದ ಅಲಗನ್ನು ಮೊದಲು ಕಾರ್ಕ್ ಮತ್ತು ಗಾಜಿನ ನಡುವೆ ಸೇರಿಸಿ. ಆಮೇಲೆ ಎದುರಿನದು. ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸುತ್ತಾ ಎರಡನ್ನೂ ಕೆಳಗಿಳಿಸಿ. ಕೊನೆಗೆ ಮೆಲ್ಲಗೆ ತಿರುಗಿಸುತ್ತಾ ಮೇಲೆತ್ತಿ. ಬಾಟಲಿ ಮೇಜಿನ ಮೇಲೆ ನೆಟ್ಟಗೇ ನಿಂತಿರಬೇಕು. ಅದನ್ನು ಓರೆ ಮಾಡಿ ತೊಡೆಸಂದಿಯಲ್ಲಿ ಹಿಡಿದುಕೊಂಡರೆ ವಾರದ ಕಾಯುವಿಕೆ ದಂಡ.

ಇಷ್ಟಾದರೂ ಕಾರ್ಕ್ ಮುರಿಯಬಹುದು. ಉಳಿದ ತುಂಡನ್ನು ಒಳಗೆ ತಳ್ಳಿಬಿಡಿ, ಹೇಗೂ ಸೋಸುತ್ತೇವೆ. ಕೆಂಪಗೆ ಕಾಯಿಸಿದ ಇಕ್ಕಳದಿಂದ ಬಾಟಲಿಯ ಕುತ್ತಿಗೆಯನ್ನೇ ಮುರಿಯುವ ಹಳೆಯ ಪದ್ಧತಿ ಒಂದಿದೆ. ನೋಡಲು ಚೆಂದ, ಆದರೆ ಕಲಿಸಿಕೊಡುವವರು ಪಕ್ಕದಲ್ಲಿಲ್ಲದೆ ಮನೆಯಲ್ಲಿ ಮಾಡಬೇಡಿ.

ಹಂತ 4: ತಿಳಿ ಬಗ್ಗಿಸುವುದು

ಬೇಕಾದ್ದು ಇಷ್ಟು: ಸ್ವಚ್ಛವಾದ ಗಾಜಿನ ಡಿಕ್ಯಾಂಟರ್ ಅಥವಾ ಜಗ್, ಒಂದು ಆಲಿಕೆ, ಫೋನಿನ ಟಾರ್ಚ್. ಹಿಂದೆ ಮೇಣದಬತ್ತಿ ಇಡುತ್ತಿದ್ದರು.

ಟಾರ್ಚ್ ಹೊತ್ತಿಸಿ, ಬೆಳಕು ಬಾಟಲಿಯ ಕುತ್ತಿಗೆಯ ಕೆಳಗಿನಿಂದ ಮೇಲಕ್ಕೆ ಬೀಳುವ ಹಾಗೆ ಮೇಜಿನ ಮೇಲಿಡಿ. ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ನಿಧಾನವಾಗಿ ಓರೆ ಮಾಡಿ ಬಗ್ಗಿಸಲು ಶುರು ಮಾಡಿ. ಬೇಳೆ ಕಲಕದ ಹಾಗೆ ಪಾತ್ರೆಯಿಂದ ತಿಳಿಸಾರು ಬಗ್ಗಿಸುವ ಕೈ ಇದೆಯಲ್ಲ, ಇಲ್ಲೂ ಅದೇ ಕೈ ಬೇಕು. ಒಮ್ಮೆ ಶುರು ಮಾಡಿದ ಮೇಲೆ ಮಧ್ಯದಲ್ಲಿ ನಿಲ್ಲಿಸಬಾರದು. ಬಾಟಲಿಯನ್ನು ಮತ್ತೆ ನೆಟ್ಟಗೆ ಮಾಡಿದರೆ ಒಳಗೆ ಅಲೆ ಎದ್ದು ಗಸಿ ಏಳುತ್ತದೆ.

ಮೊದಲ ಮುಕ್ಕಾಲು ಭಾಗ ಹೊಳೆಯುವ ಕೆಂಪು. ಆಮೇಲೆ ಬೆಳಕಿನಲ್ಲಿ ಹೊಗೆಯೆಳೆಯ ಥರ ಸಣ್ಣದೊಂದು ಕಪ್ಪು ಗೆರೆ ಕುತ್ತಿಗೆಯ ಕಡೆ ತೆವಳುತ್ತಾ ಬರುತ್ತದೆ. ಅದರ ಹಿಂದೆ ಚೂರು ಚೂರು ಸಿಪ್ಪೆಯಂಥವು. ಗೆರೆ ಕುತ್ತಿಗೆ ಮುಟ್ಟಿದ ಕೂಡಲೇ ನಿಲ್ಲಿಸಿ. 50ರಿಂದ 80 ಮಿಲಿ ತಳದಲ್ಲಿ ಉಳಿಯುತ್ತದೆ, ಉಳಿಯಲಿ. ಆಸೆಗೆ ಬಿದ್ದು ಅದನ್ನೂ ಸುರಿದರೆ ಇಡೀ ಡಿಕ್ಯಾಂಟರ್ ಕದಡುತ್ತದೆ. ಕಾರ್ಕ್ ಚೂರು ಬಿದ್ದಿದ್ದರೆ ಆಲಿಕೆಗೆ ತೊಳೆದು ಒಣಗಿಸಿದ ತೆಳು ಹತ್ತಿಬಟ್ಟೆ ಹಾಕಿ ಸೋಸಿ. ಆ ಬಟ್ಟೆಗೆ ಸೋಪಿನ ವಾಸನೆ ಇರಬಾರದು.

ಹಂತ 5: ಗಾಳಿ, ತಂಪು, ಗ್ಲಾಸು

ಎಷ್ಟು ಹೊತ್ತು ಗಾಳಿಗೆ ಬಿಡಬೇಕು ಅನ್ನುವುದಕ್ಕೆ ವಯಸ್ಸೇ ಅಳತೆ. 15–20 ವರ್ಷದ ವಿಂಟೇಜ್ ಇನ್ನೂ ಬಿಗಿಯಾಗಿರುತ್ತದೆ, ಎರಡು ಮೂರು ಗಂಟೆ ಬಿಡಿ. 30ರ ಆಸುಪಾಸಿನದಕ್ಕೆ ಒಂದು ಗಂಟೆ ಸಾಕು. 40 ದಾಟಿದ್ದರೆ ಬಗ್ಗಿಸಿದ ತಕ್ಷಣವೇ ಒಂದು ಗುಟುಕು ನೋಡಿ. ತೀರಾ ಹಳೆಯದರ ಸುವಾಸನೆ ಒಂದೆರಡು ಗಂಟೆಯಲ್ಲೇ ಹಾರಿಹೋಗಬಹುದು. ಬಗ್ಗಿಸಿದ ಹೊಸದರಲ್ಲಿ ಮುಗ್ಗಲು ವಾಸನೆ ಬಂದರೆ ಅವಸರಪಡಬೇಡಿ, ಇಪ್ಪತ್ತು ನಿಮಿಷದಲ್ಲಿ ಅದು ಹೋಗುವುದೇ ಹೆಚ್ಚು.

ವಿಂಟೇಜ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸರಿ. "ರೂಮ್ ಟೆಂಪರೇಚರ್" ಎಂದು ಪುಸ್ತಕಗಳು ಹೇಳುವುದು ಚಳಿದೇಶದ ಕೋಣೆಯ ಲೆಕ್ಕ. ಬೆಂಗಳೂರಿನ ಏಪ್ರಿಲ್‌ಗೂ, ಅಡಿಲೇಡ್‌ನ ಜನವರಿಗೂ ಆ ಲೆಕ್ಕ ಹೊಂದುವುದಿಲ್ಲ. ವೈನ್ ಬೆಚ್ಚಗಾದರೆ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ. ಬಗ್ಗಿಸಿದ ಡಿಕ್ಯಾಂಟರನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಟಾನಿಗೆ ಇನ್ನೂ ಸ್ವಲ್ಪ ತಂಪು, 12–14 ಡಿಗ್ರಿ.

ಗ್ಲಾಸಿನ ವಿಷಯದಲ್ಲಿ ನನ್ನದು ಹಟ. ಹೆಬ್ಬೆರಳಿನಷ್ಟುದ್ದದ ಆ ಪುಟ್ಟ ಲಿಕ್ಯೂರ್ ಗ್ಲಾಸುಗಳನ್ನು ಬೀರುವಿನಲ್ಲೇ ಬಿಡಿ. ಅದರಲ್ಲಿ ವೈನ್ ತಿರುಗಿಸಲು ಜಾಗವಿಲ್ಲ, ಘಮ ಕೂಡಲು ಜಾಗವಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದಾದ ಮಾಮೂಲಿ ಬಿಳಿ ವೈನ್ ಗ್ಲಾಸೇ ಸಾಕು. ಅದಕ್ಕೆ 50–60 ಮಿಲಿ ಮಾತ್ರ ಹಾಕಿ. ಆಸ್ಟ್ರೇಲಿಯಾದ ಲೆಕ್ಕದಲ್ಲಿ 10 ಗ್ರಾಂ ಆಲ್ಕೋಹಾಲ್ ಅಂದರೆ ಒಂದು ಸ್ಟ್ಯಾಂಡರ್ಡ್ ಡ್ರಿಂಕ್. ಈ ವೈನಿನ 60 ಮಿಲಿಯಲ್ಲೇ ಹೆಚ್ಚುಕಮ್ಮಿ ಅಷ್ಟು ಇರುತ್ತದೆ. ಸಿಹಿ ಇರುವುದರಿಂದ ಅದು ಗೊತ್ತಾಗುವುದಿಲ್ಲ.

ಹಂತ 6: ಕಣ್ಣು

ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿಯಿರಿ. ನಡುವಿನ ಬಣ್ಣವನ್ನೂ ಅಂಚಿನ ಬಣ್ಣವನ್ನೂ ಬೇರೆ ಬೇರೆಯಾಗಿ ನೋಡಿ. ವಯಸ್ಸು ಕಾಣುವುದು ಅಂಚಿನಲ್ಲಿ. ಹತ್ತು ವರ್ಷದ ಆಸ್ಟ್ರೇಲಿಯನ್ ವಿಂಟೇಜ್ ನಡುವಿನಲ್ಲಿ ಕಪ್ಪು, ಅಂಚಿನಲ್ಲಿ ನೇರಳೆ. ಇಪ್ಪತ್ತು ಮೂವತ್ತಕ್ಕೆ ಮಾಣಿಕ್ಯದ ಕೆಂಪು, ಅಂಚಿಗೆ ಇಟ್ಟಿಗೆ ಬಣ್ಣ. ನಲವತ್ತು ಐವತ್ತಕ್ಕೆ ನಡುವೂ ತಿಳಿಯಾಗಿ, ಅಂಚು ತಾಮ್ರದ ಕಡೆ ಹೋಗಿರುತ್ತದೆ. ಆಗಲೂ ಕೆಂಪಿನ ಜೀವ ಉಳಿದಿರಬೇಕು. ಮೂವತ್ತಕ್ಕೇ ಪೂರ್ತಿ ಕಂದಾಗಿದ್ದರೆ ಎಲ್ಲೋ ಬಿಸಿಲು ತಿಂದಿದೆ ಅಥವಾ ಕಾರ್ಕ್ ಸೋರಿದೆ.

ಟಾನಿಯಲ್ಲಿ ಕಂದೇ ಸರಿ. ಬಹಳ ಹಳೆಯದರ ಅಂಚಿನಲ್ಲಿ ಹಸಿರು ಛಾಯೆ ಕಾಣುತ್ತದೆ, ಆಲಿವ್ ಕಾಯಿಯ ಹಸಿರು. ಅದು ದೀರ್ಘಕಾಲ ಮರದಲ್ಲಿ ಇದ್ದದ್ದರ ಗುರುತು.

ಗ್ಲಾಸಿನ ಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ವೈನಿನ ಯೋಗ್ಯತೆ ಹೇಳುವವರಿದ್ದಾರೆ. ಆಲ್ಕೋಹಾಲ್, ಸಕ್ಕರೆ ಇದ್ದಲ್ಲಿ ಹನಿ ಇಳಿದೇ ಇಳಿಯುತ್ತದೆ. ಮುಂದೆ ಹೋಗೋಣ.

ಹಂತ 7: ಮೂಗು

ಇಲ್ಲಿ ಸಮಯ ಕೊಡಿ. ಹಳೆಯ ಫೋರ್ಟಿಫೈಡ್‌ನ ಅರ್ಧಕ್ಕಿಂತ ಹೆಚ್ಚು ಸುಖ ಮೂಗಿನಲ್ಲೇ ಇದೆ.

ಗ್ಲಾಸಿನೊಳಗೆ ಮೂಗು ತೂರಿಸಬೇಡಿ. ಶೇ. 19ರ ಆಲ್ಕೋಹಾಲ್ ಮೂಗನ್ನು ಮರಗಟ್ಟಿಸುತ್ತದೆ, ಆಮೇಲೆ ಐದು ನಿಮಿಷ ಏನೂ ತಿಳಿಯುವುದಿಲ್ಲ. ಗ್ಲಾಸನ್ನು ಮೊದಲು ಎದೆಯ ಹತ್ತಿರ ಹಿಡಿಯಿರಿ. ನಿಧಾನವಾಗಿ ಗದ್ದದವರೆಗೆ ತನ್ನಿ. ಘಮ ತಾನೇ ಮೇಲೆ ಬರುತ್ತದೆ. ಮೊದಲ ಸಲ ಗ್ಲಾಸ್ ಅಲುಗಾಡಿಸದೆ ಮೂಸಿ. ಆಮೇಲೆ ಒಮ್ಮೆ ಮೆಲ್ಲಗೆ ತಿರುಗಿಸಿ ಮತ್ತೆ ಮೂಸಿ. ಎರಡಕ್ಕೂ ವ್ಯತ್ಯಾಸ ಇರುತ್ತದೆ.

ಮೂರು ವಿಷಯ ಹುಡುಕಿ. ಒಂದು, ಹಣ್ಣು ಇನ್ನೂ ಇದೆಯಾ? ಶಿರಾಜ್ ಎಳೆಯದಿದ್ದಾಗ ಕಪ್ಪು ಹಣ್ಣುಗಳ ರಸ. ಮಾಗಿದಾಗ ಅದೇ ಒಣಗಿದ ಪ್ಲಮ್, ಅಂಜೂರ, ಖರ್ಜೂರ ಆಗುತ್ತದೆ. ಜೊತೆಗೆ ಕಾಳುಮೆಣಸು, ಅತಿಮಧುರ, ಕಪ್ಪು ಚಾಕೊಲೇಟ್. ಇನ್ನೂ ಹಳೆಯದರಲ್ಲಿ ಚರ್ಮ, ತಂಬಾಕು, ಮಳೆ ಬಿದ್ದ ಮಣ್ಣು. ಕೆಲವು ಆಸ್ಟ್ರೇಲಿಯನ್ ಕೆಂಪು ವೈನುಗಳಲ್ಲಿ ನೀಲಗಿರಿ ಎಣ್ಣೆಯ ತೆಳು ವಾಸನೆ ಸಿಗುತ್ತದೆ. ಅದು ಕಲ್ಪನೆಯಲ್ಲ. ತೋಟದ ಸುತ್ತ ನೀಲಗಿರಿ ಮರಗಳಿದ್ದರೆ ಆ ಎಣ್ಣೆಯ ಅಂಶ ಗಾಳಿಯಲ್ಲಿ ಬಂದು ದ್ರಾಕ್ಷಿಯ ಮೇಲೆ ಕೂರುತ್ತದೆ, ಉದುರಿದ ಎಲೆಗಳೂ ಗೊಂಚಲಿನ ಜೊತೆ ಸೇರುತ್ತವೆ. ನೆಗಡಿಗೆ ನೀಲಗಿರಿ ಎಣ್ಣೆ ಹಚ್ಚಿಸಿಕೊಂಡು ಬೆಳೆದ ನಮಗೆ ಇದನ್ನು ಗುರುತಿಸಲು ಯಾರೂ ಕಲಿಸಬೇಕಿಲ್ಲ.

ಎರಡು, ಸ್ಪಿರಿಟ್ ಎಲ್ಲಿದೆ? ಎಳೆಯ ವೈನಿನಲ್ಲಿ ಅದು ಬೇರೆಯಾಗಿ ಮೇಲೆ ತೇಲುತ್ತದೆ. ಚೆನ್ನಾಗಿ ಮಾಗಿದ್ದರಲ್ಲಿ ಹಣ್ಣಿನ ಜೊತೆ ಬೆರೆತು, ಹೂವಿನಂಥ ಘಮವನ್ನು ಎತ್ತಿ ಕೊಡುತ್ತದೆ. ಮೂವತ್ತು ವರ್ಷದ ಮೇಲೂ ಸ್ಪಿರಿಟ್ ಒಂದು ಕಡೆ, ವೈನ್ ಒಂದು ಕಡೆ ನಿಂತಿದ್ದರೆ ಅವೆರಡೂ ಇನ್ನು ಕೂಡುವುದು ಕಷ್ಟ.

ಮೂರು, ವಯಸ್ಸಿನ ವಾಸನೆ. ಟಾನಿಯಲ್ಲಿ ಇದೇ ರಾಜ. ಅಕ್ರೋಟ್, ಕಿತ್ತಳೆ ಸಿಪ್ಪೆ, ಕಾಫಿ, ಜೋನಿಬೆಲ್ಲ, ಹಳೆ ಬೀರುವಿನ ವಾರ್ನಿಶ್. ವೈನ್ ಬಲ್ಲವರು ಇದನ್ನು ರಾನ್ಸಿಯೋ ಎನ್ನುತ್ತಾರೆ. ಗಮನವಿಟ್ಟು ಮೂಸಿದರೆ ಹುರಿದ ಮೆಂತ್ಯವೂ ಸಿಗಬಹುದು. ಮೆಂತ್ಯದ ವಾಸನೆಗೆ ಕಾರಣವಾದ ಸೋಟೊಲೋನ್ ಎಂಬ ವಸ್ತು, ಪೀಪಾಯಿಯಲ್ಲಿ ಗಾಳಿಯಾಡುತ್ತಾ ಹಳೆಯದಾದ ಸಿಹಿ ವೈನುಗಳಲ್ಲೂ ತಾನಾಗಿ ಹುಟ್ಟುತ್ತದೆ. ಉಪ್ಪಿನಕಾಯಿಗೆ ಮೆಂತ್ಯ ಹುರಿದ ಮನೆಯ ಮೂಗಿಗೆ ಇದು ಚಕ್ಕನೆ ಹತ್ತುತ್ತದೆ. ಪಾಶ್ಚಾತ್ಯ ಪುಸ್ತಕಗಳ ಪಟ್ಟಿಯಲ್ಲಿರುವ ಹಣ್ಣುಗಳನ್ನೇ ಹುಡುಕುತ್ತಾ ಕೂರಬೇಡಿ. ನಿಮ್ಮ ಮೂಗಿಗೆ ಜೋನಿಬೆಲ್ಲ ಅಂತ ಅನ್ನಿಸಿದರೆ ಜೋನಿಬೆಲ್ಲ ಅಂತಲೇ ಬರೆದುಕೊಳ್ಳಿ.

ಹಂತ 8: ಬಾಯಿ

ಸಣ್ಣ ಗುಟುಕು, ಒಂದು ಟೀ ಚಮಚದಷ್ಟು. ತಕ್ಷಣ ನುಂಗಬೇಡಿ. ನಾಲಿಗೆಯ ಮೇಲೆ ಹರಡಿ, ದವಡೆಯವರೆಗೂ ಕಳಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ.

ಮೊದಲು ಸಿಹಿ ಬರುತ್ತದೆ. ಬರಲೇಬೇಕು, ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಸಿಹಿ ಇದೆ ಅಂತ ಮೆಚ್ಚಲೂ ಬೇಡಿ, ದೂರಲೂ ಬೇಡಿ. ಅದರ ಹಿಂದೆ ಏನು ಬರುತ್ತದೆ ನೋಡಿ. ನಾಲಿಗೆಯ ಅಂಚಿನಲ್ಲಿ ಹುಳಿ ಚುರುಕಾಗಿ ಎದ್ದು ಬಾಯಲ್ಲಿ ನೀರೂರಬೇಕು. ಆಮೇಲೆ ಒಸಡಿನ ಮೇಲೆ ಒಗರು. ಎಳೆಯ ವಿಂಟೇಜ್‌ನಲ್ಲಿ ಇದು ಅಡಿಕೆ ಅಗಿದಷ್ಟು ಬಿಗಿ. ವಯಸ್ಸಾದ ಹಾಗೆ ನಯವಾಗುತ್ತದೆ. ಪೂರ್ತಿ ಹೋಗಿರಬಾರದು. ಕಡೆಗೆ ಗಂಟಲಲ್ಲಿ ಆಲ್ಕೋಹಾಲಿನ ಬಿಸಿ. ಬೆಚ್ಚಗಿದ್ದರೆ ಸರಿ. ಸುಟ್ಟರೆ ತಪ್ಪು.

ಈಗ ನಿಜವಾದ ಪರೀಕ್ಷೆ. ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ಉಳಿಯುವುದು ಏನು? ಬರೀ ಅಂಟು ಸಿಹಿಯೋ, ಇಲ್ಲ ಒಣಗಿದ ಹಾಗೆ ಮುಗಿದು ಇನ್ನೊಂದು ಗುಟುಕು ಬೇಕೆನ್ನಿಸುತ್ತದೋ? ಸಿಹಿಯಾಗಿ ಶುರುವಾಗಿ ಒಣವಾಗಿ ಮುಗಿಯುವ ವಿಂಟೇಜ್ ದೊಡ್ಡ ವಿಂಟೇಜ್. ಹಳೆಯ ಆಸ್ಟ್ರೇಲಿಯನ್ ಬಾಟಲಿಗಳಲ್ಲಿ ಒಳ್ಳೆಯದನ್ನೂ ಸಾಧಾರಣದ್ದನ್ನೂ ಬೇರೆ ಮಾಡುವುದು ಇದೇ ಅನ್ನುತ್ತೇನೆ. ಬಿಸಿಲಿನ ನಾಡಿನ ದ್ರಾಕ್ಷಿಯಲ್ಲಿ ಸಕ್ಕರೆಗೆ ಕೊರತೆಯಿಲ್ಲ. ಹುಳಿ, ಒಗರು ಎರಡನ್ನೂ ಉಳಿಸಿಕೊಳ್ಳುವುದರಲ್ಲೇ ಮಾಡಿದವರ ಕೈ ಕಾಣುತ್ತದೆ. ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸಿ. ಇಪ್ಪತ್ತು ಎಣಿಸಿದರೂ ಹೋಗದಿದ್ದರೆ ಒಳ್ಳೆಯ ಬಾಟಲಿ ಸಿಕ್ಕಿದೆ.

ಅರ್ಧ ಗಂಟೆಗೊಮ್ಮೆ ಮತ್ತೆ ಸ್ವಲ್ಪ ಹಾಕಿಕೊಂಡು ನೋಡಿ. ಒಂದೇ ಬಾಟಲಿ ಸಂಜೆಯಿಂದ ರಾತ್ರಿಗೆ ಎಷ್ಟು ಬದಲಾಗುತ್ತದೆ ಅನ್ನುವುದು ನೋಡಿದವರಿಗೇ ಗೊತ್ತು. ಗಂಟೆ ಹಾಕಿ ಎರಡೆರಡು ಸಾಲು ಬರೆದಿಟ್ಟುಕೊಳ್ಳಿ.

ಉಗುಳುವುದಕ್ಕೆ ಸಂಕೋಚ ಬೇಡ. ಬರೋಸಾ, ರದರ್‌ಗ್ಲೆನ್‌ನ ರುಚಿ ನೋಡುವ ಕೋಣೆಗಳಲ್ಲಿ ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಯಾರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಲೈಸೆನ್ಸ್ ಇರುವ ಚಾಲಕರಿಗೆ ರಕ್ತದಲ್ಲಿ ಆಲ್ಕೋಹಾಲ್ ಶೇ. 0.05 ಮುಟ್ಟಬಾರದು. ಕಾರು ಓಡಿಸುವವರು ಕುಡಿಯದೇ ಇರುವುದೇ ಸರಿ.

ಹಾಳಾಗಿದೆಯಾ?

ನೆಂದ ರಟ್ಟು ಅಥವಾ ಮುಗ್ಗಿದ ಗೋಣಿಚೀಲದ ವಾಸನೆ ಬಂದು, ಹೊತ್ತು ಕಳೆದಂತೆ ಇನ್ನೂ ಜಾಸ್ತಿಯಾದರೆ ಅದು ಕಾರ್ಕ್‌ನ ದೋಷ. ಏನೂ ಮಾಡಲಾಗದು. ಅಂಗಡಿಯಿಂದ ಇತ್ತೀಚೆಗೆ ಕೊಂಡಿದ್ದರೆ ವಾಪಸ್ ಕೊಡಿ. ವಿಂಟೇಜ್‌ನಲ್ಲಿ ಹಣ್ಣೇ ಇಲ್ಲದೆ ಸುಟ್ಟ ಸಕ್ಕರೆ ಮಾತ್ರ ಇದ್ದರೆ ಬಿಸಿಯಲ್ಲಿ ಬೆಂದಿದೆ. ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಸ್ವಲ್ಪ ಇದ್ದರೆ ಹಳೆಯ ಟಾನಿಯಲ್ಲಿ ಅದು ಸಹಜ, ಘಮಕ್ಕೆ ಏರಿಕೆ ಕೊಡುತ್ತದೆ. ಮೂಗು ಚುಚ್ಚುವಷ್ಟಿದ್ದರೆ, ಬಾಯಲ್ಲಿ ವಿನೆಗರ್ ಆದರೆ, ಚೆಲ್ಲಿ.

ಟಾನಿಯ ಪಕ್ಕ ಇಟ್ಟು ನೋಡಿ

ಇದನ್ನೆಲ್ಲ ಒಂದೇ ಸಂಜೆಯಲ್ಲಿ ಕಲಿಯಬೇಕಾದರೆ ಒಂದು ಉಪಾಯ ಇದೆ. ಮೂವತ್ತರ ಆಸುಪಾಸಿನ ವಿಂಟೇಜ್ ಒಂದು ಗ್ಲಾಸಿನಲ್ಲಿ, ಇಪ್ಪತ್ತು ವರ್ಷದ ಟಾನಿ ಇನ್ನೊಂದರಲ್ಲಿ. ಮೊದಲು ವಿಂಟೇಜ್, ಆಮೇಲೆ ಟಾನಿ. ಗಾಜು ಏನು ಉಳಿಸುತ್ತದೆ, ಮರ ಏನು ಕೊಡುತ್ತದೆ ಅನ್ನುವುದು ಪುಟಗಟ್ಟಲೆ ಓದಿದರೂ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ. ಮಸ್ಕಟ್ ಎಂಬ ದ್ರಾಕ್ಷಿಯಿಂದ ಮಾಡುವ ಫೋರ್ಟಿಫೈಡ್ ವೈನ್ ರದರ್‌ಗ್ಲೆನ್ ಮಸ್ಕಟ್ ಕೂಡ ಇದ್ದರೆ ಕೊನೆಗೆ ಇಡಿ. ಅದರ ಸಿಹಿ ಇವೆರಡನ್ನೂ ಮುಳುಗಿಸುವಂಥದ್ದು. ಲೇಬಲ್‌ನಲ್ಲಿ ರೇರ್ ಎಂದಿರುವುದು ಅದರ ಅತಿ ಹಳೆಯ ದರ್ಜೆ, ಲೀಟರಿಗೆ 270 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ.

ಅಡಿಲೇಡ್ ಕಡೆ ಹೋಗುವ ಅವಕಾಶ ಇದ್ದರೆ ಸೆಪೆಲ್ಟ್ಸ್‌ಫೀಲ್ಡ್‌ಗೆ ಹೋಗಿ. ನೀವು ಹುಟ್ಟಿದ ವರ್ಷದ ಟಾನಿಯನ್ನು ಪೀಪಾಯಿಯಿಂದಲೇ ತೆಗೆದು ರುಚಿ ತೋರಿಸುವ ವ್ಯವಸ್ಥೆ ಅಲ್ಲಿದೆ, ಮೊದಲೇ ಕಾಯ್ದಿರಿಸಬೇಕು. ಬರೋಸಾದಲ್ಲಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳೂ ಇನ್ನೂ ಫಲ ಕೊಡುತ್ತಿವೆ. ಯುರೋಪಿನ ತೋಟಗಳನ್ನು ನೆಲಸಮ ಮಾಡಿದ ಫಿಲಾಕ್ಸೆರಾ ಕೀಟ ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಡದ ಕಾರಣ ಅವು ಉಳಿದುಕೊಂಡವು.

ಜೊತೆಗೆ ಏನು ತಿನ್ನಬೇಕು?

ತಿನಿಸು ವೈನಿಗಿಂತ ಸಿಹಿಯಾಗಿದ್ದರೆ ವೈನ್ ಸಪ್ಪೆಯಾಗಿ, ಹುಳಿಯಾಗಿ ಕಾಣುತ್ತದೆ. ಆದ್ದರಿಂದ ವಿಂಟೇಜ್ ಜೊತೆ ಮೈಸೂರು ಪಾಕ್, ಜಾಮೂನು ಬೇಡ. ಉಪ್ಪಿನಂಶದ ನೀಲಿ ಚೀಸ್, ಹಳೆಯ ಚೆಡ್ಡಾರ್, ಅಕ್ರೋಟ್, ಕಹಿ ಚಾಕೊಲೇಟ್ ಹೊಂದುತ್ತವೆ. ಟಾನಿ ಇನ್ನೂ ಧಾರಾಳಿ. ಹುರಿದ ಬಾದಾಮಿ, ಒಣ ಅಂಜೂರ ಎರಡೂ ನಡೆಯುತ್ತವೆ. ಧಾರವಾಡ ಪೇಡ ಒಂದು ಸಣ್ಣ ಚೂರು ಇಟ್ಟು ನೋಡಿ. ಹಾಲು ಕಾದು ಕೆಂಪಾದ ಆ ರುಚಿಗೂ ಟಾನಿಯ ಅಕ್ರೋಟ್ ವಾಸನೆಗೂ ಒಳ್ಳೆ ಹೊಂದಾಣಿಕೆ. ಆದರೆ ಮೊದಲ ಅರ್ಧ ಗಂಟೆ ಏನನ್ನೂ ತಿನ್ನದೆ ವೈನನ್ನಷ್ಟೇ ನೋಡಿ.

ಉಳಿದರೆ

ವಿಂಟೇಜ್ ಉಳಿದರೆ ಸಣ್ಣ ಬಾಟಲಿಗೆ ಬಾಯಿಯವರೆಗೂ ತುಂಬಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ತೀರಾ ಹಳೆಯದಾದರೆ ಮರುದಿನವೇ ಮುಗಿಸಿ. ಟಾನಿ ಗಾಳಿಯಲ್ಲೇ ಬೆಳೆದದ್ದು, ಫ್ರಿಜ್‌ನಲ್ಲಿ ಒಂದು ತಿಂಗಳು ಆರಾಮಾಗಿ ಇರುತ್ತದೆ. ತಳದಲ್ಲಿ ಬಿಟ್ಟ ಗಸಿ ವೈನನ್ನು ಬಟ್ಟೆಯಲ್ಲಿ ಸೋಸಿ ಅಡುಗೆಗೆ ಬಳಸಬಹುದು, ಮಾಂಸದ ಗ್ರೇವಿಗೆ ಒಳ್ಳೆಯ ಗಾಢತೆ ಕೊಡುತ್ತದೆ. ಡಿಕ್ಯಾಂಟರನ್ನು ಅದೇ ರಾತ್ರಿ ಬಿಸಿನೀರಿನಲ್ಲಿ ತೊಳೆಯಿರಿ. ಸೋಪು ಹಾಕಬೇಡಿ, ಅದರ ವಾಸನೆ ಗಾಜಿಗೆ ಹಿಡಿದರೆ ಮುಂದಿನ ಬಾಟಲಿಗೂ ಬರುತ್ತದೆ. ಬೋರಲು ಹಾಕಿ ಪೂರ್ತಿ ಒಣಗಿದ ಮೇಲೆ ಎತ್ತಿಡಿ.